ತಲೆಗೆ ಎಣ್ಣೆ ಹಚ್ಚಬೇಡಿ, ಗೊರಕೆಗೆ ನಾಚಬೇಡಿ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ. ನಾನು ನಿದ್ದೆ ಮಾಡಿದ್ದು ಸಂತೆಯಲ್ಲಲ್ಲ, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ, ಸ್ಟೀರಿಂಗ್ ಹಿಡಿದುಕೊಂಡೇ. ಹಿಂದಿನ ಗಾಡಿಯವರು ಹಾರ್ನ್ ಹೊಡೆದ ಮೇಲೆಯೇ ಎಚ್ಚರ. ರಾತ್ರಿ 8 ಗಂಟೆ ಮಲಗಿದರೂ ಹಗಲೆಲ್ಲ ತೂಕಡಿಕೆ. ಮನೆಯಾಕೆ ವರ್ಷದಿಂದ ಒಂದು ಮಾತು ಹೇಳುತ್ತಿದ್ದಳು: ‘ನೀವು ಗೊರಕೆ ಹೊಡೆದರೆ ನನಗೇನೂ ಭಯವಿಲ್ಲ ರೀ. ಅದು ನಿಂತುಬಿಡುತ್ತಲ್ಲ, ಆಗಲೇ ಭಯ.’

ಆ ಮಾತು ಕೇಳಿದ ತಕ್ಷಣ ಡಾಕ್ಟರು, ಒಂದು ರಾತ್ರಿ ಮಲಗಿಸಿ ನೋಡೋಣ ಎಂದರು. ಇದನ್ನು ಸ್ಲೀಪ್ ಸ್ಟಡಿ ಅಂತಾರೆ. ಚೀಟಿಯಲ್ಲಿ ಪಾಲಿಸೋಮ್ನೋಗ್ರಫಿ ಎಂದು ಬರೆದಿರುತ್ತಾರೆ. ಹೆಸರು ನೋಡಿ ಹೆದರಬೇಡಿ. ಸೂಜಿ ಇಲ್ಲ, ಅರಿವಳಿಕೆ ಇಲ್ಲ, ಉಪವಾಸವೂ ಇಲ್ಲ. ಮೈಗೆ ವೈರು ಅಂಟಿಸಿಕೊಂಡು ಮಲಗುವುದು, ಅಷ್ಟೆ. ಆದರೆ ಮೊದಲೇ ಗೊತ್ತಿರಬೇಕಾದ ಸಣ್ಣಪುಟ್ಟ ಸಂಗತಿಗಳು ಬಹಳ ಇವೆ. ಅವು ಗೊತ್ತಿಲ್ಲದೆ ನಾನು ಪೇಚಾಡಿದ್ದೇನೆ.

ಮೊದಲು, ಇದು ನಿಮಗೆ ಬೇಕಾ?

ಗೊರಕೆ ಹೊಡೆಯುವವರಿಗೆಲ್ಲ ಬೇಕಿಲ್ಲ. ಗೊರಕೆ ಏರುತ್ತಾ ಹೋಗಿ, ಇದ್ದಕ್ಕಿದ್ದಂತೆ ನಿಂತು, ಆಮೇಲೆ ದೊಡ್ಡದಾಗಿ ಉಸಿರೆಳೆದುಕೊಂಡು ಮತ್ತೆ ಶುರುವಾಗುತ್ತಿದ್ದರೆ ಅನುಮಾನಪಡಬೇಕು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಬಿದ್ದು ಒಂದೆರಡು ಕ್ಷಣ ಎಬ್ಬಿಸುತ್ತದೆ. ದಾರಿ ತೆರೆಯುತ್ತದೆ, ಮತ್ತೆ ನಿದ್ದೆ. ಬೆಳಿಗ್ಗೆ ಇದು ಯಾವುದೂ ನೆನಪಿರುವುದಿಲ್ಲ. ಇದೇ ಸ್ಲೀಪ್ ಆಪ್ನಿಯಾ.

ರೋಗಿಗೇ ಗೊತ್ತಿಲ್ಲದ ರೋಗ ಇದು. ಆದ್ದರಿಂದ ಡಾಕ್ಟರ ಹತ್ತಿರ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನು ಕರೆದುಕೊಂಡು ಹೋಗಿ. ಮೊಬೈಲಿನಲ್ಲಿ ಐದು ನಿಮಿಷದ ವಿಡಿಯೊ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು.

ಡಾಕ್ಟರು ಸಾಮಾನ್ಯವಾಗಿ 8 ಪ್ರಶ್ನೆ ಕೇಳುತ್ತಾರೆ. ಜೋರು ಗೊರಕೆಯಾ? ಹಗಲು ಸುಸ್ತಾ? ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರಾ? ಬಿಪಿ ಇದೆಯಾ? ತೂಕ ಬಹಳ ಜಾಸ್ತಿಯಾ? ವಯಸ್ಸು 50 ದಾಟಿದೆಯಾ? ಕತ್ತು ದಪ್ಪವಾ? ಗಂಡಸಾ? ಮೂರಕ್ಕೆ ‘ಹೌದು’ ಬಂದರೆ ಯೋಚಿಸಬೇಕಾದ ವಿಷಯ. ಐದು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಾಯ ಜಾಸ್ತಿ. ಕೊನೆಯ ಪ್ರಶ್ನೆ ನೋಡಿ ಹೆಂಗಸರು ನಿಶ್ಚಿಂತೆಯಿಂದ ಇರಬೇಡಿ. ಮುಟ್ಟು ನಿಂತ ಮೇಲೆ ಅವರಲ್ಲೂ ಇದು ಹೆಚ್ಚುತ್ತದೆ. ನಮ್ಮ ಮನೆಗಳಲ್ಲಿ ಗಂಡನ ಗೊರಕೆ ತಮಾಷೆಯ ವಿಷಯ, ಹೆಂಡತಿಯದು ಮುಚ್ಚಿಡುವ ವಿಷಯ. ಡಾಕ್ಟರ ಮುಂದೆಯೂ ಮುಚ್ಚಿಟ್ಟರೆ ಕಷ್ಟ ಅಲ್ವಾ?

ದಿನ ಗೊತ್ತು ಮಾಡುವಾಗ

ಫೋನಿನಲ್ಲೇ ಎರಡು ವಿಷಯ ಕೇಳಿಕೊಳ್ಳಿ. ಜೊತೆಗೆ ಬಂದವರು ಮಲಗಲು ಜಾಗ ಇದೆಯಾ? ಒಟ್ಟು ಖರ್ಚೆಷ್ಟು? ಬರೀ ತಪಾಸಣೆಗಾಗಿ ಅಡ್ಮಿಟ್ ಆದರೆ ಇನ್ಶೂರೆನ್ಸ್ ಕಂಪನಿಗಳು ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಇದನ್ನು ಬಿಲ್ ಕೌಂಟರಿನ ಮುಂದೆ ತಿಳಿದುಕೊಳ್ಳುವುದಕ್ಕಿಂತ ಮೊದಲೇ ತಿಳಿದುಕೊಳ್ಳುವುದು ವಾಸಿ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಹೇಳಿ, ದಿನ ಮುಂದೆ ಹಾಕಿಸಿಕೊಳ್ಳಿ.

ಆ ದಿನ ಹಗಲು

ನಾನು ಹೋದದ್ದು ಶನಿವಾರ. ಶನಿವಾರ ನನಗೆ ಎಣ್ಣೆಸ್ನಾನ. ಸೀಗೆಪುಡಿ ಹಾಕಿ ಉಜ್ಜಿದ್ದೇನಲ್ಲ, ಸಾಕು ಅಂದುಕೊಂಡಿದ್ದೆ. ರಾತ್ರಿ ಟೆಕ್ನಿಷಿಯನ್ ಹುಡುಗ ನನ್ನ ತಲೆ ಮುಟ್ಟಿ ನೋಡಿ, ‘ಸರ್, ಎಣ್ಣೆ ಹಾಕಿದ್ದೀರಾ?’ ಎಂದು ಕೇಳಿದ ದನಿಯಲ್ಲೇ ನನ್ನ ತಪ್ಪು ಗೊತ್ತಾಯಿತು. ಪಾಪ, ಸ್ಪಿರಿಟ್ ಹಾಕಿ ಅರ್ಧ ಗಂಟೆ ಉಜ್ಜಿದ. ಆದರೂ ನಡುರಾತ್ರಿ ಒಂದು ವೈರು ಕಿತ್ತುಬಂತು. ತಲೆಗೆ ಶಾಂಪೂ ಹಾಕಿ ತೊಳೆದು, ಒಣಗಿಸಿಕೊಂಡು ಹೋಗಿ. ಎಣ್ಣೆ, ಜೆಲ್, ಮುಖಕ್ಕೆ ಕ್ರೀಮು, ಮೈಗೆ ಲೋಷನ್ ಯಾವುದೂ ಬೇಡ. ಉದ್ದ ಕೂದಲಿದ್ದರೆ ಬಿಗಿ ಜಡೆ ಹಾಕಬೇಡಿ. ಉಗುರಿಗೆ ಬಣ್ಣ ಹಚ್ಚಿದ್ದರೆ ಒಂದೆರಡು ಬೆರಳಿನದನ್ನಾದರೂ ತೆಗೆಯಿರಿ. ಆಮ್ಲಜನಕ ಅಳೆಯುವ ಕ್ಲಿಪ್ಪು ಕೂರುವುದು ಅಲ್ಲೇ.

ಮಧ್ಯಾಹ್ನದ ಮೇಲೆ ಕಾಫಿ, ಟೀ ಬಿಡಿ. ಊಟವಾದ ಮೇಲಿನ ಸಣ್ಣ ನಿದ್ದೆಯನ್ನೂ ಬಿಡಿ. ‘ನಿದ್ದೆ ಬರಲಿ’ ಅಂತ ಒಂದು ಪೆಗ್ ಹಾಕಿಕೊಂಡು ಹೋಗುವವರೂ ಇದ್ದಾರಂತೆ. ಹಾಗೆ ಮಾಡಿದರೆ ಗಂಟಲು ಇನ್ನಷ್ಟು ಸಡಿಲವಾಗಿ ಲೆಕ್ಕವೇ ತಪ್ಪಾಗುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆ ನುಂಗುವ ಅಭ್ಯಾಸವಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಇನ್ನೊಂದು ಗೊಂದಲ ಇದೆ. ಮೂರ್ಛೆರೋಗಕ್ಕೆ ಇಇಜಿ, ಅಂದರೆ ಮಿದುಳಿನ ಅಲೆಗಳ ಪರೀಕ್ಷೆ ಮಾಡುವಾಗ ಕೆಲವರಿಗೆ ಹಿಂದಿನ ರಾತ್ರಿ ನಿದ್ದೆಗೆಟ್ಟು ಬನ್ನಿ ಅಂತಾರೆ. ಅದನ್ನು ಕೇಳಿಕೊಂಡು ಇಲ್ಲಿಗೂ ನಿದ್ದೆಗೆಟ್ಟು ಹೋಗಬೇಡಿ.

ರಾತ್ರಿ ಊಟ ಮನೆಯಲ್ಲೇ ಮುಗಿಸಿ. ಮುಂದೆ ಗುಂಡಿ ಇರುವ ಸಡಿಲ ಅಂಗಿ, ಲುಂಗಿ ಅಥವಾ ಪೈಜಾಮ, ಮಾತ್ರೆಗಳು, ಬ್ರಷ್ಷು ಜೊತೆಗಿರಲಿ. ಸಾಧ್ಯವಾದರೆ ನಿಮ್ಮದೇ ದಿಂಬು ಒಯ್ಯಿರಿ. ಆಸ್ಪತ್ರೆಯ ದಿಂಬಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ವೈರು ಹಚ್ಚುವ ಮುಕ್ಕಾಲು ಗಂಟೆ

ನನಗೆ ನಿದ್ದೆಗಿಂತ ಸ್ವಾರಸ್ಯವಾಗಿ ಕಂಡದ್ದು ಇದೇ. ದರ್ಜಿ ಅಳತೆ ತೆಗೆಯುವ ಹಾಗೆ ಟೇಪು ಹಿಡಿದು ಮೂಗಿನ ಮೇಲಿನ ಗುಳಿಯಿಂದ ತಲೆಯ ಹಿಂದಿನ ಉಬ್ಬಿನವರೆಗೆ, ಕಿವಿಯಿಂದ ಕಿವಿಗೆ ಅಳೆಯುತ್ತಾರೆ. ಆ ಅಳತೆಯ ಶೇ 10, ಶೇ 20ರ ಲೆಕ್ಕದಲ್ಲಿ ಪೆನ್ಸಿಲಿನ ಗುರುತು ಹಾಕುತ್ತಾರೆ. ಗುರುತಿನ ಜಾಗವನ್ನು ತರಿತರಿಯಾದ ಜೆಲ್‌ನಿಂದ ಉಜ್ಜಿ, ಬೆಣ್ಣೆಯಂಥ ಪೇಸ್ಟಿನಿಂದ ಪುಟ್ಟ ಬಿಲ್ಲೆಗಳನ್ನು ಅಂಟಿಸುತ್ತಾರೆ. ಇವು ಕರೆಂಟು ಕೊಡುವುದಿಲ್ಲ. ಮಿದುಳಿನಿಂದ ಬರುವ ಅಲೆಗಳನ್ನು ಹಿಡಿಯುತ್ತವೆ, ಅಷ್ಟೆ.

ಆಮೇಲೆ ಕಣ್ಣಿನ ಪಕ್ಕ, ಗದ್ದದ ಕೆಳಗೆ, ಎರಡೂ ಮೊಣಕಾಲಿನ ಕೆಳಗೆ, ಎದೆಯ ಮೇಲೆ. ಗದ್ದಕ್ಕೇಕೆ ಅಂತ ಕೇಳಿದೆ. ಕನಸು ಬೀಳುವ ನಿದ್ದೆಯಲ್ಲಿ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ, ಮೈಯ ಸ್ನಾಯುಗಳು ಪೂರ್ತಿ ಸಡಿಲವಾಗುತ್ತವೆ. ಗದ್ದ ಸಡಿಲವಾಗಿ ಕಣ್ಣು ಓಡಿದರೆ ಕನಸಿನ ಘಟ್ಟ ಎಂದು ಗುರುತು ಹಾಕಿಕೊಳ್ಳುತ್ತಾರೆ. ಈ ಘಟ್ಟವನ್ನು ಕಂಡುಹಿಡಿದವರು ಷಿಕಾಗೋದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್. ಲೋಕಕ್ಕೆ ತಿಳಿಸಿದ್ದು 1953ರಲ್ಲಿ. ಅಸೆರಿನ್‌ಸ್ಕಿ ಮೊದಮೊದಲು ವೈರು ಹಚ್ಚಿ ನೋಡಿದ್ದು ತನ್ನ 8 ವರ್ಷದ ಮಗನಿಗೇ.

ಎದೆಗೊಂದು, ಹೊಟ್ಟೆಗೊಂದು ಪಟ್ಟಿ ಕಟ್ಟುತ್ತಾರೆ. ಮೂಗಿಗೆ ಸಣ್ಣ ನಳಿಗೆ. ಈ ಮೂರರ ಕೆಲಸ ಜಾಣತನದ್ದು. ಮೂಗಿನಲ್ಲಿ ಗಾಳಿ ನಿಂತಿದೆ, ಎದೆ, ಹೊಟ್ಟೆ ಒದ್ದಾಡುತ್ತಿವೆ ಎಂದರೆ ಗಂಟಲು ಮುಚ್ಚಿದೆ. ಗಾಳಿಯೂ ಇಲ್ಲ, ಎದೆ, ಹೊಟ್ಟೆಯೂ ಅಲುಗುತ್ತಿಲ್ಲ ಎಂದರೆ ಉಸಿರಾಡು ಎಂಬ ಆಜ್ಞೆಯೇ ಮಿದುಳಿನಿಂದ ಬಂದಿಲ್ಲ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಬೆರಳಿನ ಕ್ಲಿಪ್ಪು ಕೊರೊನಾ ಕಾಲದಿಂದ ಎಲ್ಲರಿಗೂ ಪರಿಚಯ.

ದೀಪ ಆರಿಸಿದ ಮೇಲೆ ಪಕ್ಕದ ಕೋಣೆಯಿಂದ ಸ್ಪೀಕರಿನಲ್ಲಿ ಆಜ್ಞೆಗಳು ಬರುತ್ತವೆ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಐದು ಸಲ ಕಣ್ಣು ಮಿಟುಕಿಸಿ, ಹಲ್ಲು ಕಚ್ಚಿ, ಪಾದ ಅಲುಗಿಸಿ, ಉಸಿರು ಹಿಡಿಯಿರಿ. ಕೊನೆಗೆ, ‘ಸುಮ್ನೆ ಒಂದು ಸಲ ಗೊರಕೆ ಹೊಡೆದು ತೋರಿಸಿ ಸರ್.’ ವೈರುಗಳು ಸರಿಯಾಗಿವೆಯಾ ಎಂದು ನೋಡುವುದಕ್ಕೆ ಇದು.

ಇಷ್ಟೆಲ್ಲ ಕಟ್ಟಿಕೊಂಡು ನಿದ್ದೆ ಬರುತ್ತಾ?

ಎಲ್ಲರಿಗೂ ಇದೇ ಚಿಂತೆ. ಬರುತ್ತದೆ, ಮನೆಯಷ್ಟು ಚೆನ್ನಾಗಿ ಬರುವುದಿಲ್ಲ. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಕೆಡುವುದು ಡಾಕ್ಟರಿಗೂ ಗೊತ್ತು. ನೀವು 8 ಗಂಟೆ ಗಡದ್ದಾಗಿ ಮಲಗಬೇಕಿಲ್ಲ. ಒಂದಷ್ಟು ಗಂಟೆಯ ತುಂಡು ನಿದ್ದೆಯಲ್ಲೂ ಅವರಿಗೆ ಬೇಕಾದ್ದು ಬಹುಮಟ್ಟಿಗೆ ಸಿಗುತ್ತದೆ. ಮಗ್ಗುಲು ಬದಲಿಸಬಹುದು. ಬಾತ್‌ರೂಮಿಗೆ ಹೋಗಬೇಕೆಂದರೆ ಹಾಸಿಗೆಯಿಂದಲೇ ಕರೆಯಿರಿ. ವೈರುಗಳೆಲ್ಲ ಒಂದು ಪುಟ್ಟ ಡಬ್ಬಿಗೆ ಸೇರಿರುತ್ತವೆ. ಅದನ್ನು ಬಿಡಿಸಿ ಕೈಗೆ ಕೊಡುತ್ತಾರೆ. ನಾಚಿಕೊಂಡು ತಡೆದುಕೊಳ್ಳಬೇಡಿ. ಕತ್ತಲಲ್ಲೂ ಕಾಣುವ ಕ್ಯಾಮೆರಾ ಕೋಣೆಯಲ್ಲಿ ಇರುತ್ತದೆ ಎನ್ನುವುದು ನೆನಪಿರಲಿ.

ಮೊದಲ ಕೆಲವು ಗಂಟೆಯಲ್ಲೇ ತೊಂದರೆ ಜೋರಾಗಿ ಕಂಡರೆ, ನಡುರಾತ್ರಿ ಎಬ್ಬಿಸಿ ಮೂಗಿಗೆ ಮಾಸ್ಕ್ ಹಾಕಬಹುದು. ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುವ ಈ ಯಂತ್ರಕ್ಕೆ ಸಿಪ್ಯಾಪ್ ಅಂತ ಹೆಸರು. ಆಸ್ಟ್ರೇಲಿಯಾದ ಡಾಕ್ಟರು ಕಾಲಿನ್ ಸಲಿವನ್ 1981ರಲ್ಲಿ ಇದರ ವಿವರ ಪ್ರಕಟಿಸಿದರು. ನಿಮಗೆಷ್ಟು ಒತ್ತಡ ಬೇಕು ಎಂದು ಆ ರಾತ್ರಿಯೇ ಗೊತ್ತಾದರೆ ಎರಡನೇ ಸಲ ಹೋಗುವುದು ತಪ್ಪುತ್ತದೆ.

ಬೆಳಿಗ್ಗೆ ಮತ್ತು ರಿಪೋರ್ಟು

ಬೆಳಿಗ್ಗೆ ಆರರ ಸುಮಾರಿಗೆ ಎಬ್ಬಿಸಿ ವೈರು ಬಿಡಿಸುತ್ತಾರೆ. ಪೇಸ್ಟು ಬಿಸಿನೀರಿಗೆ ಹೋಗುತ್ತದೆ, ಎರಡು ಸಲ ತೊಳೆಯಬೇಕು. ಮಂಪರಿದ್ದರೆ ನೀವೇ ಗಾಡಿ ಓಡಿಸಬೇಡಿ.

ರಿಪೋರ್ಟು ಅಂದೇ ಸಿಗಲಿಲ್ಲ ಎಂದು ರೇಗಬೇಡಿ. ದಾಖಲೆಯನ್ನು 30 ಸೆಕೆಂಡಿನ ಒಂದೊಂದು ಪುಟವಾಗಿ ಓದುತ್ತಾರೆ. 8 ಗಂಟೆಗೆ 960 ಪುಟ. ಕೊನೆಗೆ ಎಎಚ್‌ಐ ಎಂಬ ಸಂಖ್ಯೆ ಬರುತ್ತದೆ. ಉಸಿರು 10 ಸೆಕೆಂಡಾದರೂ ನಿಂತದ್ದು ಅಥವಾ ಸಾಕಷ್ಟು ಕುಗ್ಗಿದ್ದು ಗಂಟೆಗೆ ಸರಾಸರಿ ಎಷ್ಟು ಸಲ ಎಂಬ ಲೆಕ್ಕ ಅದು. ದೊಡ್ಡವರಲ್ಲಿ 5ಕ್ಕಿಂತ ಕಡಿಮೆ ಇದ್ದರೆ ಸರಿ. 15ರವರೆಗೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಮಕ್ಕಳ ಲೆಕ್ಕ ಬೇರೆ, ಅವರಲ್ಲಿ 1 ದಾಟಿದರೇ ಗಮನಿಸುತ್ತಾರೆ. ನನ್ನದು 34. ಆರು ಗಂಟೆ ನಿದ್ದೆಗೆ ಇನ್ನೂರು ಸಲ. ಮನೆಯಾಕೆ ಎಣಿಸಿರಲಿಲ್ಲ, ಅಷ್ಟೆ.

ಆ ಒಂದೇ ಸಂಖ್ಯೆ ನೋಡಿ ಫೈಲು ಮುಚ್ಚಬೇಡಿ. ಆಮ್ಲಜನಕ ಎಷ್ಟಕ್ಕೆ ಇಳಿದಿತ್ತು, ಅಂಗಾತ ಮಲಗಿದಾಗ ಎಷ್ಟು, ಮಗ್ಗುಲಲ್ಲಿ ಎಷ್ಟು ಎಂದೂ ಕೇಳಿ. ಕೆಲವರಿಗೆ ಅಂಗಾತ ಮಲಗಿದಾಗ ಮಾತ್ರ ತೊಂದರೆ ಇರುತ್ತದೆ.

ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಿಕೊಳ್ಳಲು ಕಳಿಸುವ ಪುಟ್ಟ ಯಂತ್ರವೂ ಇದೆ. ಖರ್ಚು ಕಡಿಮೆ. ಆದರೆ ಸಾಮಾನ್ಯವಾಗಿ ಅದರಲ್ಲಿ ಮಿದುಳಿನ ಅಲೆ ಅಳೆಯುವುದಿಲ್ಲ. ನೀವು ನಿದ್ದೆ ಮಾಡಿದಿರಾ ಅಥವಾ ಸೂರು ನೋಡುತ್ತಾ ಮಲಗಿದ್ದಿರಾ ಎಂದು ಅದಕ್ಕೆ ತಿಳಿಯದು. ಎಚ್ಚರವಿದ್ದ ಹೊತ್ತೂ ಲೆಕ್ಕಕ್ಕೆ ಸೇರಿ ಸಂಖ್ಯೆ ಕಡಿಮೆ ಬರಬಹುದು. ಹೃದಯ ಅಥವಾ ಶ್ವಾಸಕೋಶದ ದೊಡ್ಡ ಕಾಯಿಲೆ ಇರುವವರಿಗೆ ಲ್ಯಾಬೇ ಸರಿ. ಮನೆಯಲ್ಲಿ ನಾರ್ಮಲ್ ಬಂದರೂ ಸಿಗ್ನಲ್‌ನಲ್ಲಿ ತೂಕಡಿಸುತ್ತಿದ್ದರೆ ಲ್ಯಾಬಿಗೆ ಹೋಗಿ.

ಇನ್ನು ಒಂದು ವಿಷಯ. ಮುಂದೆ ಹರ್ನಿಯಾವೋ ಮಂಡಿಯೋ, ಯಾವ ಆಪರೇಷನ್‌ಗೆ ಹೋದರೂ ಈ ರಿಪೋರ್ಟನ್ನು ಅರಿವಳಿಕೆ ಡಾಕ್ಟರಿಗೆ ತೋರಿಸಿ. ಅರಿವಳಿಕೆಯ ಔಷಧವೂ ಕೆಲವು ನೋವಿನ ಔಷಧಗಳೂ ಗಂಟಲನ್ನು ಇನ್ನಷ್ಟು ಸಡಿಲ ಮಾಡುತ್ತವೆ. ಸಿಪ್ಯಾಪ್ ಬಳಸುತ್ತಿದ್ದರೆ ಬಟ್ಟೆಬರೆಯ ಜೊತೆ ಅದನ್ನೂ ಆಸ್ಪತ್ರೆಗೆ ಒಯ್ಯಿರಿ.