ಫೋನಿನಲ್ಲೇ ಹೇಳಿ ಹಾಕಿಸಿದ ಬ್ರಯಾನ್

ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಬೆಟಗೇರಿಯಿಂದ ಅಕ್ಕನ ಮಗಳ ಫೋನು. "ಮಾಮಾ, ಬರೇ ಕೆಂಪ್ ಅಕ್ಷರಾನ ಬರಾಕತ್ತಾವ. ಏನ್ ಮಾಡ್ಲಿ?" ಎಂಎಸ್ಸಿ ಫಿಸಿಕ್ಸ್ ಓದುತ್ತಿದ್ದಾಳೆ. ಪ್ರಾಜೆಕ್ಟಿಗೆ ನರಕೋಶದ ಸಿಮ್ಯುಲೇಶನ್ ತೆಗೆದುಕೊಂಡಿದ್ದಾಳೆ, ಅಂದರೆ ನರಕೋಶ ಹೇಗೆ ನಡೆದುಕೊಳ್ಳುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು. ಅದಕ್ಕೆ ಬೇಕಾದ ಬ್ರಯಾನ್ ಎಂಬ ಸಾಫ್ಟ್‌ವೇರ್ ಹಾಕಲು ಹೋಗಿ ಹೀಗಾಗಿತ್ತು. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, 4 ಜಿಬಿ ರ್‍ಯಾಮ್, ವಿಂಡೋಸ್. ನಾನು ಇರುವುದು ಧಾರವಾಡದ ಸಪ್ತಾಪುರದಲ್ಲಿ, ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸ. ಅವಳ ಪರದೆ ನನಗೆ ಕಾಣುವುದಿಲ್ಲ. ಎಲ್ಲಾ ಬಾಯಲ್ಲೇ ಹೇಳಬೇಕು.

ಇಲ್ಲೂ ಹಾಗೇ ಬರೆದಿದ್ದೇನೆ, ಫೋನಿನಲ್ಲಿ ಹೇಳಿದ ಹಾಗೆ. ನೀವು ಕಮಾಂಡ್ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಮಾಡಬೇಕು. ಅಡ್ಡಗೆರೆ ಅಂದರೆ ಮೈನಸ್ ಗುರುತು. ಅದಕ್ಕಿಂತ ಮೊದಲು ಜಾಗ ಬಿಡಿ, ಅದಾದ ಮೇಲೆ ಬಿಡಬೇಡಿ.

ಮೊದಲು ಯಾವುದು ಬೇಕು ಅಂತ ನೋಡಿಕೊಳ್ಳಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಡೆಯುವ ಸಿಮ್ಯುಲೇಶನ್ ಸಾಫ್ಟ್‌ವೇರುಗಳಲ್ಲಿ ದೊಡ್ಡ ಹೆಸರುಗಳು ಮೂರು: ನ್ಯೂರಾನ್, ನೆಸ್ಟ್, ಬ್ರಯಾನ್. ಒಂದೇ ನರಕೋಶದ ಕೊಂಬೆ ಕೊಂಬೆಯನ್ನೂ ಬಿಡಿಸಿ ನೋಡಬೇಕಾದರೆ ನ್ಯೂರಾನ್. ಸಾವಿರಗಟ್ಟಲೆ ಕೋಶಗಳನ್ನು ಬರೀ ಚುಕ್ಕಿಗಳೆಂದು ತಿಳಿದು ದೊಡ್ಡ ಜಾಲ ಕಟ್ಟಬೇಕಾದರೆ ನೆಸ್ಟ್. ಪುಸ್ತಕದಲ್ಲಿರುವ ಸಮೀಕರಣವನ್ನು ಇದ್ದ ಹಾಗೇ ಬರೆದು ಓಡಿಸಬೇಕಾದರೆ ಬ್ರಯಾನ್. ಹೊಸಬರಿಗೆ ನಾನು ಬ್ರಯಾನ್ ಅನ್ನೇ ಹೇಳುತ್ತೇನೆ. ಹಾಕುವುದು ಸುಲಭ. ಫಿಸಿಕ್ಸ್, ಗಣಿತದ ಹುಡುಗರಿಗೆ ಅದರ ಭಾಷೆಯೂ ಬೇಗ ಹತ್ತುತ್ತದೆ.

ಅವಳ ಕೆಂಪಕ್ಷರದ ಕಥೆ ಇಷ್ಟೇ. ಆಗಷ್ಟೇ ಬಿಡುಗಡೆಯಾದ ಪೈಥಾನ್ ಹಾಕಿಕೊಂಡಿದ್ದಳು. ಹೊಸ ಪೈಥಾನ್ ಬಂದ ಮರುದಿನವೇ ಎಲ್ಲಾ ಪ್ಯಾಕೇಜುಗಳೂ, ಅಂದರೆ ಬ್ರಯಾನ್‌ನಂತೆ ಪೈಥಾನಿಗೆ ಸೇರಿಸಿಕೊಳ್ಳುವ ಸಾಮಾನುಗಳು, ಅದಕ್ಕೆ ಸಿದ್ಧವಾಗಿರುವುದಿಲ್ಲ. ಅವನ್ನು ಇಳಿಸಿ ಹಾಕುವ ಪ್ರೋಗ್ರಾಮಿನ ಹೆಸರು ಪಿಪ್. ಸಿದ್ಧ ಫೈಲ್ ಸಿಗದಿದ್ದರೆ ಅದು ತಾನೇ ಮೂಲ ಕೋಡಿನಿಂದ ಕಟ್ಟಲು ಹೋಗುತ್ತದೆ. ಹಾಗೆ ಕಟ್ಟಲು ಬೇಕಾದ ಸಿ ಪ್ಲಸ್ ಪ್ಲಸ್ ಕಂಪೈಲರ್ ವಿಂಡೋಸಿನಲ್ಲಿ ತಾನಾಗಿ ಇರುವುದಿಲ್ಲ. ಪುಟಗಟ್ಟಲೆ ಬೈದು ನಿಲ್ಲುತ್ತದೆ. "ಒಂದು ಹೆಜ್ಜೆ ಹಿಂದಿನ ಪೈಥಾನ್ ಹಾಕು" ಅಂದೆ. ಅರ್ಧ ತಲೆನೋವು ಅಲ್ಲೇ ಹೋಯಿತು.

ವಿಂಡೋಸಿನಲ್ಲಿ ಪೈಥಾನ್ ಹಾಕುವಾಗ ಮೊದಲ ಪರದೆಯ ಕೆಳಗೆ ಒಂದು ಸಣ್ಣ ಚೌಕ ಇರುತ್ತದೆ, ಪೈಥಾನನ್ನು ಪಾತ್‌ಗೆ (ವಿಂಡೋಸ್ ಪ್ರೋಗ್ರಾಮು ಹುಡುಕುವ ಜಾಗಗಳ ಪಟ್ಟಿಗೆ) ಸೇರಿಸಲೇ ಅಂತ. ಅದಕ್ಕೆ ಟಿಕ್ ಹಾಕಲೇಬೇಕು. ಹಾಕದೆ ಮುಂದೆ ಹೋದವರು ಪೈಥಾನ್ ಅಂತ ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು ಕೂರುತ್ತದೆ.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆಗೆಯಿರಿ. ಪವರ್‌ಶೆಲ್ ಬೇಡ. ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಅಂತ ಅದು ತಕರಾರು ತೆಗೆಯುತ್ತದೆ. ಟೈಪ್ ಮಾಡಿ: ಪಿವೈ, ಅಡ್ಡಗೆರೆ ಎಂ, ವಿಇಎನ್‌ವಿ, ನರ. ಕೊನೆಯ ಪದ ನೀವಿಟ್ಟ ಹೆಸರು. ಏನಾದರೂ ಇಡಿ, ಆದರೆ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗವಿಲ್ಲದೆ. ಆ ಹೆಸರಿನ ಫೋಲ್ಡರ್ ಹುಟ್ಟುತ್ತದೆ. ಈಗ, ನಡುವೆ ಜಾಗ ಬಿಡದೆ: ನರ, ಬ್ಯಾಕ್‌ಸ್ಲ್ಯಾಶ್, ಸ್ಕ್ರಿಪ್ಟ್ಸ್, ಬ್ಯಾಕ್‌ಸ್ಲ್ಯಾಶ್, ಆಕ್ಟಿವೇಟ್. ಸಾಲಿನ ಮೊದಲಲ್ಲಿ ಕಂಸದೊಳಗೆ ನರ ಅಂತ ಬಂದರೆ ಒಳಗೆ ಹೋದಿರಿ. ಬಾರದಿದ್ದರೆ ಮುಂದೆ ಹೋಗಬೇಡಿ.

ಇಷ್ಟೆಲ್ಲಾ ಯಾಕೆ, ನೇರ ಹಾಕಬಾರದಾ ಅಂತ ಅವಳೂ ಕೇಳಿದಳು. ಮನೆಯಲ್ಲಿ ಜೋಳದ ಹಿಟ್ಟು, ಗೋಧಿ ಹಿಟ್ಟು ಒಂದೇ ಡಬ್ಬಿಯಲ್ಲಿ ಸುರಿಯುತ್ತೀರಾ? ಇದು ಡಬ್ಬಿ. ಕೆಟ್ಟರೆ ಫೋಲ್ಡರ್ ಅಳಿಸಿ ಹೊಸದು ಮಾಡಿದರಾಯಿತು. ನಾನು ಉಬುಂಟು ಎಂಬ ಲಿನಕ್ಸಿನಲ್ಲಿ ಈ ಬುದ್ಧಿ ಕಲಿತದ್ದು ಕಷ್ಟಪಟ್ಟು. ಅದರ 24.04 ಆವೃತ್ತಿ ಹಾಕಿಕೊಂಡ ಹೊಸದರಲ್ಲಿ ಪಿಪ್ ಒಂದು ಸಂದೇಶ ಕೊಟ್ಟಿತು: ಈ ಪೈಥಾನ್ ಹೊರಗಿನವರ ಉಸ್ತುವಾರಿಯಲ್ಲಿದೆ, ಮುಟ್ಟಬೇಡ. ಅದನ್ನು ದಾಟುವ ದಾರಿಯನ್ನೂ ಅದೇ ಸಂದೇಶ ಹೇಳುತ್ತದೆ. ಬ್ರೇಕ್ ಸಿಸ್ಟಮ್ ಪ್ಯಾಕೇಜಸ್ ಅಂತ ಆ ಆಯ್ಕೆಯ ಹೆಸರು. ಹೆಸರಲ್ಲೇ ಒಡೆಯುತ್ತೇನೆ ಅಂತಿದೆ, ಆದರೂ ಹಾಕಿದೆ. ಒಡೆಯಿತು. ಭಾನುವಾರ ಇಡೀ ದಿನ ಹೊಸದಾಗಿ ಉಬುಂಟು ಹಾಕುತ್ತಾ ಕೂತೆ.

ಉಬುಂಟು ಇದ್ದವರು ಮೊದಲೇ ಸುಡೋ ಆಪ್ಟ್ ಇನ್‌ಸ್ಟಾಲ್ ಮಾಡಿ ಮೂರು ವಸ್ತು ತರಿಸಿಕೊಳ್ಳಿ: ಪೈಥಾನ್3 ಅಡ್ಡಗೆರೆ ವಿಇಎನ್‌ವಿ, ಪೈಥಾನ್3 ಅಡ್ಡಗೆರೆ ಡೆವ್, ಬಿಲ್ಡ್ ಅಡ್ಡಗೆರೆ ಎಸೆನ್ಶಿಯಲ್. ಈ ಹೆಸರುಗಳ ಒಳಗೆ ಮಾತ್ರ ಎಲ್ಲೂ ಜಾಗ ಬಿಡಬಾರದು. ಕೊನೆಯದರಲ್ಲಿ ಕಂಪೈಲರ್ ಇದೆ. ಆಮೇಲೆ ಪಿವೈ ಬದಲು ಪೈಥಾನ್3 ಅನ್ನಿ. ಒಳಗೆ ಹೋಗಲು: ಸೋರ್ಸ್, ಜಾಗ, ನರ ಸ್ಲ್ಯಾಶ್ ಬಿನ್ ಸ್ಲ್ಯಾಶ್ ಆಕ್ಟಿವೇಟ್. ಉಳಿದದ್ದೆಲ್ಲಾ ಎರಡಕ್ಕೂ ಒಂದೇ.

ಈಗ ಅಸಲಿ ಸಾಲು. ಪಿಪ್ ಇನ್‌ಸ್ಟಾಲ್ ಬ್ರಯಾನ್2 ಮ್ಯಾಟ್‌ಪ್ಲಾಟ್‌ಲಿಬ್. ಕೊನೆಯದು ಗ್ರಾಫ್ ಬಿಡಿಸಲು. ಇಲ್ಲಿ ಎಲ್ಲರೂ ಎಡವುತ್ತಾರೆ. ಇದು ಬ್ರೇನ್ ಅಲ್ಲ, ಬ್ರಯಾನ್. ಬಿ, ಆರ್, ಐ, ಎ, ಎನ್, ಆಮೇಲೆ ಅಂಟಿಕೊಂಡೇ 2. ಮೆದುಳಿನ ಕೆಲಸ ಅಲ್ವಾ, ಕೈ ತಾನಾಗಿ ಬ್ರೇನ್ ಅಂತ ಹೊಡೆಯುತ್ತದೆ. 2 ಬಿಡಲೂಬೇಡಿ. ಅದಿಲ್ಲದ ಬ್ರಯಾನ್ ಹಳೆಯ ಕಾಲದ್ದು. ಬ್ರಯಾನಿಗೆ ಬೇಕಾದ ಬೇರೆ ಪ್ಯಾಕೇಜುಗಳು, ನಂಪೈ, ಸಿಂಪೈ, ಸೈಥಾನ್ ಇವನ್ನೆಲ್ಲಾ ಪಿಪ್ ತಾನೇ ಎಳೆದು ತರುತ್ತದೆ.

ಬಂತೋ ಇಲ್ಲವೋ ಅಂತ ಪರೀಕ್ಷೆ ಮಾಡಲು ನನ್ನದೊಂದು ಸಣ್ಣ ಲೆಕ್ಕ ಇದೆ. ಸೋರುವ ಕೊಡದಂಥ ನರಕೋಶ ಅಂದುಕೊಳ್ಳಿ. ಒಳಗೆ ತುಂಬುತ್ತಾ ಹೋಗುತ್ತದೆ, ಸ್ವಲ್ಪ ಸೋರುತ್ತದೆ, ಅಂಚು ಮುಟ್ಟಿದ ಕೂಡಲೇ ಒಂದು ಮಿಡಿತ ಕೊಟ್ಟು ಖಾಲಿಯಾಗುತ್ತದೆ. ಲಾಪಿಕ್ ಎಂಬ ಫ್ರೆಂಚ್ ವಿಜ್ಞಾನಿಗೆ 1907ರಲ್ಲೇ ಹೊಳೆದ ವಿಚಾರ. ಕೊಡದೊಳಗಿನ ಮಟ್ಟ ವಿ, ಅದು ಎಷ್ಟು ಬೇಗ ಬದಲಾಗುತ್ತದೆ ಅಂತ ಹೇಳುವ ಕಾಲ ಟಾವ್. ಸಮೀಕರಣ ಹೀಗೆ: ಡಿವಿ ಬೈ ಡಿಟಿ ಈಕ್ವಲ್ ಟು, ಕಂಸದಲ್ಲಿ 2 ಮೈನಸ್ ವಿ, ಬೈ ಟಾವ್, ಕೊನೆಗೆ ಕೋಲನ್ 1. ಕೋಲನ್ 1 ಅಂದರೆ ವಿ ಗೆ ಮೂಲಮಾನ ಇಲ್ಲ ಅಂತ. ಟಾವ್ 10 ಮಿಲಿಸೆಕೆಂಡ್. ವಿ 1 ದಾಟಿದರೆ ಮಿಡಿತ, ಆಮೇಲೆ ವಿ ಸೊನ್ನೆ. ಒಂದೇ ಕೋಶದ ನ್ಯೂರಾನ್‌ಗ್ರೂಪ್ ಮಾಡಿ, ಮಿಡಿತ ಎಣಿಸುವ ಸ್ಪೈಕ್‌ಮಾನಿಟರ್ ಕೂರಿಸಿ, 100 ಮಿಲಿಸೆಕೆಂಡ್ ಓಡಿಸಿ. ಈ ಎರಡು ಹೆಸರುಗಳಲ್ಲಿ ಮಾತ್ರ ಎನ್, ಜಿ, ಎಸ್, ಎಂ ದೊಡ್ಡಕ್ಷರ. ಮಿಡಿತ ಎಷ್ಟು ಅಂತ ಪ್ರಿಂಟ್ ಮಾಡಿಸಿ.

14 ಬರಬೇಕು. ಯಾಕೆ ಅಂದರೆ, ಹಾಳೆ ಮೇಲೆ ಲೆಕ್ಕ ಹಾಕಿದರೆ ಸೊನ್ನೆಯಿಂದ 1ಕ್ಕೆ ಏರಲು 10 ಗುಣಿಸು 2ರ ನ್ಯಾಚುರಲ್ ಲಾಗ್, ಅಂದರೆ 6.93 ಮಿಲಿಸೆಕೆಂಡ್. ಬ್ರಯಾನ್ 0.1ರ ಹೆಜ್ಜೆಯಲ್ಲಿ ನಡೆಯುವುದರಿಂದ ಅದು 7 ಆಗುತ್ತದೆ. ನೂರರಲ್ಲಿ ಏಳು ಎಷ್ಟು ಸಲ? 14. ಬೇರೆ ಅಂಕಿ ಬಂದರೆ ಬರೆದದ್ದರಲ್ಲಿ ಎಲ್ಲೋ ಏನೋ ತಪ್ಪಿದೆ. 10 ಅಂತ ಬರೆದು ಗುಣಿಸು ಎಂಎಸ್ ಮರೆತರೆ ಬ್ರಯಾನ್ ಓಡುವುದೇ ಇಲ್ಲ, ಮೂಲಮಾನ ಕೂಡುತ್ತಿಲ್ಲ ಅಂತ ಮುಖದ ಮೇಲೆ ಹೇಳುತ್ತದೆ. ನಮ್ಮ ಫಿಸಿಕ್ಸ್ ಮೇಷ್ಟ್ರ ಹಾಗೆ. ನನಗೆ ಅದರಲ್ಲಿ ಬಹಳ ಇಷ್ಟವಾದ ಗುಣ ಇದು.

ಅವಳಿಗೆ 14 ಬರಲಿಲ್ಲ. ಹನ್ನೊಂದು ಗಂಟೆಯಾಗಿತ್ತು. ಬ್ರಯಾನ್2 ಒಳಗೆ ನ್ಯೂರಾನ್‌ಗ್ರೂಪ್ ಇಲ್ಲವೇ ಇಲ್ಲ ಅನ್ನುತ್ತಿದೆಯಂತೆ. ಹೇಗೆ ಸಾಧ್ಯ? ತೆಗೆದು ಮತ್ತೆ ಹಾಕಿಸಿದೆ. ಅದೇ ಹಾಡು. ಕೊನೆಗೆ ಹೊಳೆದು ಕೇಳಿದೆ, "ನಿನ್ನ ಫೈಲಿಗೆ ಏನಂತ ಹೆಸರಿಟ್ಟೀ?" ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಬ್ರಯಾನ್2 ಅಂತ." ಪೈಥಾನ್ ಮೊದಲು ಹುಡುಕುವುದು ಪಕ್ಕದಲ್ಲಿರುವ ಫೈಲುಗಳನ್ನು. ಅವಳ ಫೈಲ್ ತನ್ನನ್ನೇ ತಾನು ಕರೆಯುತ್ತಿತ್ತು. ಹೆಸರು ಬದಲಿಸಿದಳು. 14.

ಜೊತೆಗೆ ಒಂದು ಎಚ್ಚರಿಕೆಯ ಸಾಲೂ ಬಂತು, ಕಂಪೈಲ್ ಮಾಡಿದ ಕೋಡ್ ಬಳಸಲು ಆಗುವುದಿಲ್ಲ, ನಂಪೈಯಲ್ಲಿ ಓಡಿಸುತ್ತೇನೆ ಅಂತ. ಇದು ತಪ್ಪಲ್ಲ. ಕಂಪೈಲರ್ ಇದ್ದರೆ ಬ್ರಯಾನ್ ನಿಮ್ಮ ಸಮೀಕರಣವನ್ನು ಸಿ ಪ್ಲಸ್ ಪ್ಲಸ್ ಮಾಡಿ ಓಡಿಸುತ್ತದೆ, ಇಲ್ಲದಿದ್ದರೆ ನಿಧಾನದ ದಾರಿ ಹಿಡಿಯುತ್ತದೆ. ವಿಂಡೋಸಿಗೆ ಕಂಪೈಲರ್ ಬೇಕಾದರೆ ವಿಶುವಲ್ ಸ್ಟುಡಿಯೋದ ಬಿಲ್ಡ್ ಟೂಲ್ಸ್ ಹಾಕಬೇಕು. ಗಿಗಾಬೈಟುಗಟ್ಟಲೆ ಜಾಗ ತಿನ್ನುತ್ತದೆ. ಹತ್ತಿಪ್ಪತ್ತು ಕೋಶಗಳಿಗೆ ಅದು ಸುಮ್ನೆ ಭಾರ. ಉಬುಂಟುವಿನವರಿಗೆ ಇನ್ನೊಂದು ಮಾತು: ಮೊದಲ ಸಲ ಓಡಿಸಿದಾಗ ಕಂಪೈಲ್ ಆಗಲು ಹೊತ್ತು ಹಿಡಿಯುತ್ತದೆ. ನಿಂತುಹೋಯಿತು ಅಂತ ನಡುವೆ ಮುಚ್ಚಬೇಡಿ. ಎರಡನೇ ಸಲ ಬೇಗ ಆಗುತ್ತದೆ.

ನ್ಯೂರಾನ್ ಬೇಕಾದವರಿಗೆ: ಉಬುಂಟು, ಮ್ಯಾಕ್‌ನಲ್ಲಿ ಪಿಪ್ ಇನ್‌ಸ್ಟಾಲ್ ನ್ಯೂರಾನ್. ವಿಂಡೋಸಿನಲ್ಲಿ ಅವರದ್ದೇ ಸೆಟಪ್ ಫೈಲ್ ಇಳಿಸಿ ಹಾಕಬೇಕು. ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ 1952ರಲ್ಲಿ ಸ್ಕ್ವಿಡ್‌ನ ದಪ್ಪ ನರದಿಂದ ಬರೆದ ಮಾದರಿ ಅದರಲ್ಲಿ ಮೊದಲೇ ಇದೆ, ಎಚ್‌ಎಚ್ ಅಂತ. ಹೊರಗಿನಿಂದ ತಂದ ಮಾಡ್ ಫೈಲುಗಳಿದ್ದರೆ (ಬೇರೆ ಮಾದರಿಗಳನ್ನು ಬರೆದಿಟ್ಟ ಫೈಲುಗಳು) ಮಾತ್ರ ಆ ಫೋಲ್ಡರಿನಲ್ಲೇ ನಿಂತು ಕಂಪೈಲ್ ಮಾಡಬೇಕು, ಅಲ್ಲೇ ನಿಂತು ಪೈಥಾನ್ ತೆಗೆಯಬೇಕು. ಒಂದು ವಿಷಯ ಗಮನಿಸಿ. ನೀವು ಹೇಳದಿದ್ದರೆ ಅದರ ಉಷ್ಣತೆ 6.3 ಡಿಗ್ರಿ. ಸ್ಕ್ವಿಡ್ ಪ್ರಯೋಗದ ಲೆಕ್ಕ ಅದು. ನಮ್ಮ ಕಡೆ ಫ್ರಿಜ್ಜಿನಲ್ಲಿ ಮಾತ್ರ ಸಿಗುವ ಚಳಿ. ಬೇರೆ ಪ್ರಾಣಿಯ ಕೋಶ ಓಡಿಸುವಾಗ ಅದನ್ನು ಬದಲಿಸಲು ಮರೆಯಬೇಡಿ.

ನೆಸ್ಟ್ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಅಡ್ಮಿನ್ ಆಗಿ ಪವರ್‌ಶೆಲ್ ತೆಗೆದು, ಡಬ್ಲ್ಯುಎಸ್‌ಎಲ್, ಎರಡು ಅಡ್ಡಗೆರೆ ಇನ್‌ಸ್ಟಾಲ್ ಅಂತ ಕೊಟ್ಟು ವಿಂಡೋಸಿನ ಒಳಗೇ ಒಂದು ಉಬುಂಟು ಇಳಿಸಿಕೊಳ್ಳಬೇಕು. ಆಮೇಲೆ ಅದರೊಳಗೆ ಪಿಪ್‌ನಂಥದ್ದೇ ಇನ್ನೊಂದು, ಕಾಂಡಾ ಹಾಕಿ, ಅದರ ಕಾಂಡಾ ಫೋರ್ಜ್ ಎಂಬ ಭಂಡಾರದಿಂದ ನೆಸ್ಟ್ ಸಿಮ್ಯುಲೇಟರ್ ತರಿಸಿ. 4 ಜಿಬಿಯಲ್ಲಿ ಉಸಿರುಗಟ್ಟುತ್ತದೆ. ಅವಳಿಗೆ ಬೇಡ ಅಂದೆ.

ಈಗ ರೋಣದಲ್ಲಿರುವ ಅವಳ ಗೆಳತಿಗೂ ಬ್ರಯಾನ್ ಬೇಕಂತೆ. ಅಲ್ಲಿ ನೆಟ್ ಸರಿ ಇಲ್ಲ. ಇದಕ್ಕೂ ದಾರಿ ಇದೆ. ಪಿಪ್ ಡೌನ್‌ಲೋಡ್ ಬ್ರಯಾನ್2 ಮ್ಯಾಟ್‌ಪ್ಲಾಟ್‌ಲಿಬ್, ಅಡ್ಡಗೆರೆ ಡಿ, ಮೂಟೆ. ಮೂಟೆ ಹೆಸರಿನ ಫೋಲ್ಡರಿನಲ್ಲಿ ಎಲ್ಲಾ ಫೈಲ್ ಬಂದು ಕೂರುತ್ತವೆ. ಪೆನ್ ಡ್ರೈವಿಗೆ ಹಾಕಿ ಕಳಿಸಿ. ಆ ಕಡೆ: ಪಿಪ್ ಇನ್‌ಸ್ಟಾಲ್, ಎರಡು ಅಡ್ಡಗೆರೆ ನೋ ಅಡ್ಡಗೆರೆ ಇಂಡೆಕ್ಸ್, ಎರಡು ಅಡ್ಡಗೆರೆ ಫೈಂಡ್ ಅಡ್ಡಗೆರೆ ಲಿಂಕ್ಸ್, ಮೂಟೆ, ಬ್ರಯಾನ್2 ಮ್ಯಾಟ್‌ಪ್ಲಾಟ್‌ಲಿಬ್. ಇಲ್ಲೂ ನೋ ಇಂಡೆಕ್ಸ್, ಫೈಂಡ್ ಲಿಂಕ್ಸ್ ಎರಡೂ ಜಾಗವಿಲ್ಲದ ಒಂದೊಂದೇ ಪದ. ಮೂಟೆ ಕಟ್ಟುವ ಮಷೀನಿನಲ್ಲೂ ಬಿಚ್ಚುವ ಮಷೀನಿನಲ್ಲೂ ಅದೇ ವಿಂಡೋಸ್, ಅದೇ ಪೈಥಾನ್ ಇರಬೇಕು. ನಾನು ಮೊದಲ ಸಲ ನನ್ನ ಉಬುಂಟುವಿನಲ್ಲೇ ಕಟ್ಟಿ ಗದಗ ಬಸ್ಸಿಗೆ ಹೊರಟಿದ್ದ ಪಕ್ಕದ ಮನೆಯವರ ಕೈಗೆ ಕೊಟ್ಟೆ. ಅಲ್ಲಿ ಆ ಮೂಟೆ ಕೆಲಸಕ್ಕೆ ಬರಲಿಲ್ಲ. ಎರಡನೇ ಮೂಟೆಯನ್ನು ಲ್ಯಾಬಿನ ವಿಂಡೋಸ್ ಮಷೀನಿನಲ್ಲಿ ಕಟ್ಟಿದ್ದೇನೆ. ಶನಿವಾರ ಅವರು ಮತ್ತೆ ಗದಗಕ್ಕೆ ಹೋಗುತ್ತಾರಂತೆ.