ನಡೆದುಕೊಂಡೇ ಒಳ್ಳೆಯ ಕ್ರಾಫ್ಟ್ ಬಿಯರ್ ಪಬ್ ಹುಡುಕುವುದು ಹೇಗೆ?

ಕ್ರಾಫ್ಟ್ ಬಿಯರ್, ಅಂದರೆ ಸಣ್ಣ ಘಟಕಗಳಲ್ಲಿ ತಯಾರಾದ ಬಿಯರ್, ಕುಡಿಯೋಣ ಅಂತ ನಗರದ ಮಧ್ಯಭಾಗಕ್ಕೆ ಹೋದವರು ಸಾಮಾನ್ಯವಾಗಿ ಎಡವುವುದು ಪಬ್‌ನ ಒಳಗೆ ಕಾಲಿಟ್ಟ ಮೊದಲ ಐದು ನಿಮಿಷದಲ್ಲೇ. ಲೈಟು ಚೆನ್ನಾಗಿದೆ, ಜನ ತುಂಬಿದ್ದಾರೆ ಅಂತ ನುಗ್ಗುತ್ತಾರೆ. ಕೂತ ಕೂಡಲೇ ದೊಡ್ಡ ಗ್ಲಾಸ್ ಹೇಳುತ್ತಾರೆ. ಬಂದ ಬಿಯರ್ ಕೆಟ್ಟಿದ್ದರೂ ‘ಇದರ ರುಚಿಯೇ ಹೀಗಿರಬೇಕು’ ಅಂದುಕೊಂಡು ಕಷ್ಟಪಟ್ಟು ಕುಡಿದು ಮುಗಿಸುತ್ತಾರೆ. ಈ ನಷ್ಟ ತಪ್ಪಿಸಿಕೊಳ್ಳಬಹುದು.

ಮೊದಲು ಮ್ಯಾಪ್ ನೋಡಿ, ಒಂದರಿಂದ ಇನ್ನೊಂದಕ್ಕೆ ಹತ್ತು ನಿಮಿಷದೊಳಗೆ ನಡೆದು ಹೋಗುವಂಥ ಮೂರ್ನಾಲ್ಕು ಪಬ್ ಗುರುತು ಮಾಡಿಕೊಳ್ಳಿ. ಕೊನೆಯದು ಬಸ್ಸೋ ರೈಲೋ ಸಿಗುವ ಕಡೆ ಇರಲಿ. ಗಾಡಿ ಮನೆಯಲ್ಲೇ ಇರಲಿ.

ಆ್ಯಪ್‌ನಲ್ಲಿ ಎಷ್ಟು ಸ್ಟಾರ್ ಬಂದಿದೆ ಅಂತ ನೋಡಿ ಪಬ್ ಆರಿಸುವುದು ಸುಲಭದ ದಾರಿ, ಆದರೆ ಕೆಲಸಕ್ಕೆ ಬಾರದ ದಾರಿ. ಆ ಸ್ಟಾರ್‌ಗಳಲ್ಲಿ ಅರ್ಧ ಸಂಗೀತಕ್ಕೆ, ಸೋಫಾಕ್ಕೆ ಬಿದ್ದಿರುತ್ತವೆ. ಇತ್ತೀಚೆಗೆ ಬರೆದ, ಬಿಯರ್‌ನ ಹೆಸರು ಹಿಡಿದು ಮಾತಾಡುವ ಅಭಿಪ್ರಾಯಗಳನ್ನು ಮಾತ್ರ ಓದಿ.

ಸಂಜೆ ಸ್ವಲ್ಪ ಬೇಗ ಹೋಗಿ. ಹಾಗಂತ ಬಾಗಿಲು ತೆಗೆದ ತಕ್ಷಣ ಬೇಡ. ಪೀಪಾಯಿಯಿಂದ ಟ್ಯಾಪ್‌ಗೆ (ಬಿಯರ್ ನಲ್ಲಿಗೆ) ಬರುವ ಪೈಪ್‌ನಲ್ಲಿ ರಾತ್ರಿಯಿಡೀ ನಿಂತ ಬಿಯರನ್ನು ಎಲ್ಲ ಕಡೆಯೂ ಚೆಲ್ಲುವುದಿಲ್ಲ, ಮೊದಲ ಗ್ಲಾಸಿಗೆ ಅದೇ ಬರಬಹುದು.

ಇನ್ನು ಮುಖ್ಯ ವಿಷಯ. ಒಳಗೆ ಹೋದವರು ಟೇಬಲ್ ಹುಡುಕಬೇಡಿ, ನೇರ ಕೌಂಟರ್‌ಗೆ ಹೋಗಿ ನಿಲ್ಲಿ. ಬೋರ್ಡ್ ಓದಿ. ಯಾರು ತಯಾರಿಸಿದ್ದು, ಯಾವ ಬಗೆ, ಆಲ್ಕೋಹಾಲ್ ಶೇಕಡಾ ಎಷ್ಟು, ಇವು ಮೂರೂ ಇರಬೇಕು. ಮೂವತ್ತು ಟ್ಯಾಪ್ ಇದ್ದು ಕುರ್ಚಿಗಳೆಲ್ಲ ಖಾಲಿ ಇದ್ದರೆ ಅನುಮಾನ ಪಡಿ. ಅಷ್ಟು ಕೆಗ್ (ಬಿಯರ್ ಪೀಪಾಯಿ) ಬೇಗ ಖಾಲಿ ಆಗುವುದಿಲ್ಲ, ಐಪಿಎಯಂಥ (ಇಂಡಿಯಾ ಪೇಲ್ ಏಲ್) ಹಾಪ್ಸ್, ಅಂದರೆ ಕಹಿ ಮತ್ತು ಪರಿಮಳ ಕೊಡುವ ಹೂ, ಜಾಸ್ತಿ ಇರುವ ಬಿಯರ್‌ನ ಪರಿಮಳ ಇಟ್ಟಷ್ಟೂ ಹಾರಿಹೋಗುತ್ತದೆ. ಎಂಟೇ ಟ್ಯಾಪ್ ಇದ್ದು ಅವು ಓಡುತ್ತಿರುವ ಜಾಗ ಎಷ್ಟೋ ವಾಸಿ.

ಆಮೇಲೆ ಬೇರೆಯವರಿಗೆ ಬಿಯರ್ ಹಾಕುವುದನ್ನು ಗಮನಿಸಿ. ಟ್ಯಾಪ್‌ನ ಮೂತಿ ಗ್ಲಾಸಿನೊಳಗಿನ ಬಿಯರ್‌ನಲ್ಲಿ ಮುಳುಗುತ್ತಿದೆಯಾ? ಹೊರಡಿ. ಫ್ರೀಜರ್‌ನಲ್ಲಿ ಮಂಜು ಹಿಡಿದ ಗ್ಲಾಸ್ ತೆಗೆಯುತ್ತಿದ್ದಾರಾ? ಸಾದಾ ಗ್ಲಾಸ್ ಕೇಳಿ ಪಡೆಯಿರಿ. ಅತಿ ತಂಪಿಗೆ ನಾಲಿಗೆ ಮರಗಟ್ಟುತ್ತದೆ. ತಂಪಿನಲ್ಲಿ ಹುದುಗಿಸಿದ ಲಾಗರ್‌ಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್ ಸರಿ, ಅದಕ್ಕಿಂತ ಬೆಚ್ಚಗೆ ಹುದುಗಿಸಿದ ಏಲ್ ಬಗೆಗಳಿಗೆ 10–12 ಡಿಗ್ರಿ ಇದ್ದರೂ ಚೆನ್ನ.

ಈಗ ರುಚಿ ನೋಡಲು ಒಂದು ಗುಟುಕು ಕೇಳಿ. ಬಹುತೇಕ ಒಳ್ಳೆಯ ಪಬ್‌ಗಳು ಬೇಸರಪಡದೆ ಕೊಡುತ್ತವೆ. ಪಿಲ್ಸ್ನರ್‌ನಂಥ ಸಾದಾ ಬಿಯರ್‌ನಿಂದಲೇ ಶುರು ಮಾಡಿ, ಅದರಲ್ಲಿ ಯಾವ ದೋಷವೂ ಮುಚ್ಚಿಕೊಳ್ಳುವುದಿಲ್ಲ. ಮೊದಲು ಮೂಸಿ. ಬೆಣ್ಣೆ ವಾಸನೆ ಬಂದರೆ ಒಂದೋ ಬಿಯರ್ ಸರಿಯಾಗಿ ಮಾಗಿಲ್ಲ, ಇಲ್ಲವೇ ಪೈಪ್‌ನಲ್ಲಿ ಬ್ಯಾಕ್ಟೀರಿಯಾ ಸೇರಿದೆ. ಒದ್ದೆ ರಟ್ಟಿನ ವಾಸನೆ ಅಂದರೆ ಗಾಳಿ ತಾಗಿ ಹಳತಾಗಿದೆ. ವಿನೆಗರ್ ಹುಳಿ ಇದ್ದರೆ ಇನ್ನೊಂದು ಟ್ಯಾಪ್‌ನದ್ದೂ ನೋಡಿ. ಎರಡರಲ್ಲೂ ಅದೇ ಹುಳಿಯಾದರೆ ಪೈಪ್ ಕೊಳಕಾಗಿದೆ ಅಂತಲೇ ಲೆಕ್ಕ. ಪೈಪ್‌ಗಳನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಯಾವಾಗ ತೊಳೆದದ್ದು ಅಂತ ಕೇಳುವುದಕ್ಕೆ ಸಂಕೋಚ ಬೇಡ. ತೊಳೆದವರು ಖುಷಿಯಿಂದ ಹೇಳುತ್ತಾರೆ.

ಆದರೆ ಎಲ್ಲ ವಿಚಿತ್ರ ರುಚಿಯೂ ದೋಷವಲ್ಲ. ಸವರ್ ಬಿಯರ್ ಹುಳಿ ಇರಲೇಬೇಕು. ಜರ್ಮನ್ ಬಗೆಯ ಗೋಧಿ ಬಿಯರ್ ಮಸುಕಾಗಿದ್ದು ಬಾಳೆಹಣ್ಣು, ಲವಂಗದ ಪರಿಮಳ ಬಂದರೆ ಅದು ಯೀಸ್ಟ್‌ನ ಗುಣ.

ಗ್ಲಾಸ್ ಬಂದ ಮೇಲೆ ಅದರ ಒಳಗೋಡೆ ನೋಡಿ. ಗುಳ್ಳೆಗಳು ಗಾಜಿಗೆ ಅಂಟಿಕೊಂಡು ನಿಂತಿದ್ದರೆ ಜಿಡ್ಡೋ ಸೋಪೋ ಉಳಿದಿದೆ, ಬದಲಿಸಲು ಹೇಳಿ. ಕುಡಿಯುತ್ತಾ ಹೋದ ಹಾಗೆ ನೊರೆ ಬಳೆಬಳೆಯಾಗಿ ಗುರುತು ಬಿಟ್ಟರೆ ಗ್ಲಾಸ್ ಶುದ್ಧ.

ಬಣ್ಣವಿಲ್ಲದ ಅಥವಾ ಹಸಿರು ಬಾಟಲಿಯ ಬಿಯರನ್ನು ಮಾತ್ರ ಲೈಟ್ ಹಾಕಿದ ಫ್ರಿಜ್‌ನಿಂದ ತೆಗೆಸಿಕೊಳ್ಳಬೇಡಿ. ಬೆಳಕು ತಾಗಿದರೆ ಹಾಪ್ಸ್‌ನಿಂದ ಕೆಟ್ಟ ನಾತ ಹುಟ್ಟುತ್ತದೆ. ಕಂದು ಬಾಟಲಿ ವಾಸಿ, ಕ್ಯಾನ್ ಇನ್ನೂ ವಾಸಿ.

ಪ್ರತಿ ಪಬ್‌ನಲ್ಲೂ ಸಣ್ಣ ಗ್ಲಾಸ್ ಒಂದೇ ಸಾಕು. ಹಗುರದ್ದು ಮೊದಲು, ಕಹಿ ಮತ್ತು ಗಾಢವಾದದ್ದು ಆಮೇಲೆ. ನಡುವೆ ನೀರು ಕುಡಿಯಿರಿ, ಹೊಟ್ಟೆ ಖಾಲಿ ಬಿಡಬೇಡಿ.

ಹೊರಡುವ ಮುಂಚೆ ಕೌಂಟರ್‌ನವರನ್ನು ಒಂದು ಮಾತು ಕೇಳಿ: ‘ರಜೆ ಇದ್ದಾಗ ನೀವು ಎಲ್ಲಿಗೆ ಹೋಗ್ತೀರಿ?’ ಅವರು ಹೇಳುವ ಹೆಸರು ನಿಮ್ಮ ಪಟ್ಟಿಯಲ್ಲಿ ಇಲ್ಲದಿದ್ದರೆ, ಪಟ್ಟಿ ಬಿಟ್ಟು ಅಲ್ಲಿಗೆ ನಡೆಯಿರಿ.