ಜ್ಯಾಂಗೊ ಫಾರ್ಮಿನ ಚೆಕ್‌ಬಾಕ್ಸ್‌ಗಳನ್ನು ಸಾಲಿಗೆ ತಂದದ್ದು

ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟಾದ ಜ್ಯಾಂಗೊದಲ್ಲಿ ಹೆಸರು, ವಿಳಾಸದಂಥ ಖಾನೆಗಳನ್ನು ಅಂದಗಾಣಿಸುವುದು ಸುಲಭ. ವಿಜೆಟ್‌ಗೆ (ಖಾನೆಯ ಎಚ್‌ಟಿಎಂಎಲ್ ಬರೆದುಕೊಡುವ ಭಾಗಕ್ಕೆ) ಒಂದು ಸಿಎಸ್‌ಎಸ್ ಕ್ಲಾಸ್, ಅಂದರೆ ಅಲಂಕಾರದ ಹೆಸರು, ಸೇರಿಸಿದರೆ ಮುಗಿಯಿತು. ಚೆಕ್‌ಬಾಕ್ಸ್ ಮಾತ್ರ ಅಷ್ಟಕ್ಕೆಲ್ಲ ಬಗ್ಗುವುದಿಲ್ಲ.

ಗ್ರಂಥಾಲಯವೊಂದರ ಸದಸ್ಯತ್ವ ಫಾರ್ಮಿನಲ್ಲಿ ಓದುಗರು ತಮಗಿಷ್ಟವಾದ ವಿಷಯಗಳಿಗೆಲ್ಲ ಟಿಕ್ ಹಾಕಬೇಕಿತ್ತು. ಹಲವು ಆಯ್ಕೆಗಳಿಗೆ ಟಿಕ್ ಹಾಕಿಸುವ ಚೆಕ್‌ಬಾಕ್ಸ್‌ಸೆಲೆಕ್ಟ್‌ಮಲ್ಟಿಪಲ್ ವಿಜೆಟ್ ತೆಗೆದುಕೊಂಡು, ಸಿದ್ಧ ಸಿಎಸ್‌ಎಸ್ ಸಂಗ್ರಹವಾದ ಬೂಟ್‌ಸ್ಟ್ರ್ಯಾಪ್‌ನ ಚೆಕ್‌ಬಾಕ್ಸ್ ಕ್ಲಾಸ್ ಕೊಟ್ಟೆ. ಇಡೀ ಪಟ್ಟಿಯೇ ಒಂದು ಪುಟ್ಟ ಚೌಕದೊಳಗೆ ಮುದುಡಿ ಕೂತಿತು! ಈ ವಿಜೆಟ್ ನಾವು ಕೊಟ್ಟ ಕ್ಲಾಸನ್ನು ಪ್ರತಿ ಇನ್‌ಪುಟ್‌ಗೂ (ಟಿಕ್ ಹಾಕುವ ಚೌಕಕ್ಕೂ) ಹಚ್ಚುತ್ತದೆ, ಎಲ್ಲವನ್ನೂ ಸುತ್ತುವರಿದ ಹೊರಗಿನ ಡಿವ್ ಎಂಬ ಆವರಣಕ್ಕೂ ಹಚ್ಚುತ್ತದೆ. ಲೇಬಲ್‌ಗೆ ಮಾತ್ರ ಏನೂ ಸಿಗುವುದಿಲ್ಲ. (ಆ ಹೊರಗಿನ ಡಿವ್ ಬಂದದ್ದು ಜ್ಯಾಂಗೊ 4.0ರಲ್ಲಿ. ಅದಕ್ಕೂ ಮೊದಲು ಅಲ್ಲಿ ಪಟ್ಟಿಯ ಟ್ಯಾಗ್‌ಗಳಾದ ಯುಎಲ್, ಎಲ್‌ಐ ಇದ್ದವು. ಹಳೆಯ ಸ್ಟೈಲ್‌ಶೀಟ್ ಇಟ್ಟುಕೊಂಡವರು ಇದನ್ನು ನೋಡಿಕೊಳ್ಳಿ.)

ಹಾಗಾಗಿ ಕ್ಲಾಸ್ ಕೊಡುವುದನ್ನು ಬಿಟ್ಟು, ಟೆಂಪ್ಲೇಟ್‌ನಲ್ಲೇ (ಪುಟದ ಎಚ್‌ಟಿಎಂಎಲ್ ಅಚ್ಚಿನಲ್ಲೇ) ಫೀಲ್ಡಿನ ಒಂದೊಂದು ಆಯ್ಕೆಯ ಮೇಲೂ ಫಾರ್ ಲೂಪ್ ಓಡಿಸಿದೆ. ಪ್ರತಿ ಸುತ್ತಿನಲ್ಲೂ ಟ್ಯಾಗ್ (ಅಂದರೆ ಜ್ಯಾಂಗೊ ಬರೆದ ಇನ್‌ಪುಟ್), ಚಾಯ್ಸ್ ಲೇಬಲ್, ಐಡಿ ಮೂರೂ ಬೇರೆಬೇರೆಯಾಗಿ ಕೈಗೆ ಸಿಗುತ್ತವೆ. ಅವುಗಳ ಸುತ್ತ ನಮಗೆ ಬೇಕಾದ ಎಚ್‌ಟಿಎಂಎಲ್ ಬರೆಯಬಹುದು. ಇನ್‌ಪುಟ್ಟನ್ನೂ ಕೈಯಾರೆ ಬರೆಯಲು ಹೋಗಬೇಡಿ. ಫಾರ್ಮ್ ತಪ್ಪಾಗಿ ವಾಪಸ್ ಬಂದಾಗ ಹಳೆಯ ಟಿಕ್‌ಗಳನ್ನು ಉಳಿಸಿಕೊಡುವುದು ಆ ಟ್ಯಾಗೇ. ಲೂಪ್ ಬರೆದ ಮೇಲೆ ದೋಷ ಸಂದೇಶಗಳನ್ನು ತೋರಿಸುವ ಹೊಣೆ ನಮ್ಮದು, ಆಯ್ಕೆಗಳನ್ನು ಗುಂಪು ಮಾಡುವ ಫೀಲ್ಡ್‌ಸೆಟ್ ಮತ್ತು ಆ ಗುಂಪಿನ ತಲೆಬರಹವಾದ ಲೆಜೆಂಡ್ ಹಾಕುವುದೂ ನಮ್ಮದೇ.

ಚೌಕ ಹಸಿರಾಗಿರಬೇಕೆಂಬ ಬೇಡಿಕೆಯಿತ್ತು. ಅಸಲಿ ಚೆಕ್‌ಬಾಕ್ಸನ್ನು ಡಿಸ್‌ಪ್ಲೇ ನನ್ ಎಂದು ಪೂರ್ತಿ ಮರೆಮಾಡಿ, ಲೇಬಲ್ ಮೇಲೆ ನಕಲಿ ಚೌಕ ಬಿಡಿಸುವ ಪದ್ಧತಿ ಇನ್ನೂ ಚಾಲ್ತಿಯಲ್ಲಿದೆ. ನನಗದು ಒಗ್ಗುವುದಿಲ್ಲ: ಟ್ಯಾಬ್ ಕೀಲಿ ಒತ್ತುತ್ತಾ ಹೋಗುವವರಿಗೆ ಅಂಥ ಚೌಕ ಸಿಗುವುದೇ ಇಲ್ಲ. ಅಸಲಿ ಚೌಕದ ಬಣ್ಣ ಬದಲಿಸುವ ಆ್ಯಕ್ಸೆಂಟ್ ಕಲರ್ ಎಂಬ ಸಿಎಸ್‌ಎಸ್‌ನ ಒಂದು ಸಾಲು 2022ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ನಡೆಯುತ್ತಿದೆ. ನನಗೆ ಅಷ್ಟೇ ಸಾಕಾಯಿತು. ಬೂಟ್‌ಸ್ಟ್ರ್ಯಾಪ್‌ನ ಕ್ಲಾಸ್ ಜೊತೆಗಿದ್ದರೆ ಈ ಸಾಲು ಕೆಲಸ ಮಾಡದು, ಏಕೆಂದರೆ ಆ ಕ್ಲಾಸ್ ಬ್ರೌಸರ್ ಕೊಟ್ಟ ರೂಪವನ್ನೇ ತೆಗೆದುಹಾಕಿರುತ್ತದೆ.

ಹೆಚ್ಚು ಹೊತ್ತು ತಿಂದದ್ದು ಕನ್ನಡ ಲೇಬಲ್‌ಗಳು. "ಸ್ವಾತಂತ್ರ್ಯ ಹೋರಾಟದ ಚರಿತ್ರೆ ಮತ್ತು ಆತ್ಮಕಥೆಗಳು" ಮೊಬೈಲಿನಲ್ಲಿ ಎರಡು ಸಾಲಾಗುತ್ತದೆ, ಎರಡನೆಯ ಸಾಲು ಚೌಕದ ಅಡಿಗೆ ನುಸುಳುತ್ತದೆ. ಲೇಬಲ್ಲನ್ನು ಫ್ಲೆಕ್ಸ್ ಮಾಡಿ (ಚೌಕ, ಬರಹ ಅಕ್ಕಪಕ್ಕ ನಿಲ್ಲುವಂತೆ), ಚೌಕ ಮೊದಲ ಸಾಲಿನ ಎತ್ತರಕ್ಕೇ ನಿಲ್ಲುವಂತೆ ಮೇಲಕ್ಕೆ ಹೊಂದಿಸಿ, ಕುಗ್ಗದಂತೆ ಫ್ಲೆಕ್ಸ್ ಶ್ರಿಂಕ್ ಸೊನ್ನೆ ಕೊಟ್ಟೆ. ಸಾಲಿನ ಎತ್ತರವನ್ನು 1.6ಕ್ಕೆ ಏರಿಸಿದ ಮೇಲೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗುವುದು ನಿಂತಿತು.